ಮಳೆಗಾಲ ಗೆದ್ದರೆ ಮಲ್ಲಿಗೆ ಗೆದ್ದಂತೆ

ಭಟ್ಕಳ ಮಲ್ಲಿಗೆಯ ಗಿಡ ವರ್ಷವಿಡೀ ಹಸಿರು. ಮಾರ್ಚ್‌ನಿಂದ ಮೇವರೆಗೆ ಮೈತುಂಬ ಹೂ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹಿತ್ತಲಲ್ಲಿ ಬೆಳೆದ ಮಲ್ಲಿಗೆಯಿಂದಲೇ ದಿನದ ಖರ್ಚು ತೂಗಿಸುವ ಮನೆಗಳಿವೆ. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆಯಲ್ಲಿ ಬೇರು ಕೊಳೆಯದಂತೆ ಕಾಯುವುದೇ ಈ ಬೆಳೆಯ ಅರ್ಧ ಕೆಲಸ.

ಜಾಗ, ನಾಟಿ
ಗದ್ದೆ ಬಯಲು, ಉಪ್ಪುನೀರು ನುಗ್ಗುವ ಗಜನಿ ಬೇಡ. ನೀರು ಇಳಿದುಹೋಗುವ ಜಂಬಿಟ್ಟಿಗೆ ಮಣ್ಣಿನ ಹಕ್ಕಲು, ಇಳಿಜಾರಿನ ಬೇಣ ಒಳ್ಳೆಯದು. ದಿನವಿಡೀ ಬಿಸಿಲು ಬೀಳಬೇಕು. ತೆಂಗು, ಅಡಿಕೆಯ ನೆರಳಲ್ಲಿ ಗಿಡ ಬೆಳೆಯುತ್ತದೆ, ಹೂ ಕಡಿಮೆ. ಎರಡು–ಮೂರು ಗಿಣ್ಣಿನ ಬಲಿತ ಕಡ್ಡಿಗಳನ್ನು ಜೂನ್–ಜುಲೈನಲ್ಲಿ ಬೇರು ಬರಿಸಿ. ಒಂದೂವರೆ ಅಡಿ ಉದ್ದಗಲ, ಆಳದ ಗುಂಡಿಗೆ ಮೇಲ್ಮಣ್ಣು, 10 ಕಿಲೋ ಕೊಟ್ಟಿಗೆ ಗೊಬ್ಬರ ತುಂಬಿ, ಸುಮಾರು 5 ಅಡಿ ಅಂತರದಲ್ಲಿ ನೆಡಿ. ಬುಡ ನೆಲಮಟ್ಟಕ್ಕಿಂತ ಎತ್ತರದಲ್ಲಿರಲಿ, ಸಾಲಿನ ನಡುವೆ ಬಸಿಗಾಲುವೆ ಇರಲಿ.

ಕತ್ತರಿ, ಗೊಬ್ಬರ
ಮೊಗ್ಗು ಕಟ್ಟುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ನವೆಂಬರ್ ಕೊನೆಗೆ ಕೆಲವು ದಿನ ನೀರು ನಿಲ್ಲಿಸಿ, ಬೆಳೆದ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಸವರಿ. ಒಣ, ರೋಗದ ಟೊಂಗೆಗಳನ್ನು ಬುಡಕ್ಕೇ ತೆಗೆದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಆಮೇಲೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಕೊಟ್ಟು ನೀರು ಶುರುಮಾಡಿ. ಶೇಂಗಾ ಹಿಂಡಿಯನ್ನು ಸಗಣಿ ನೀರಲ್ಲಿ ಕೊಳೆಸಿ, ತೆಳುಮಾಡಿ ಹೊಯ್ದರೆ ಚಿಗುರು ಜೋರು. ಜಡಿಮಳೆಯಲ್ಲಿ ರಾಸಾಯನಿಕ ಗೊಬ್ಬರ ಹಾಕಿದರೆ ಕಾಲುವೆ ಪಾಲು. ಬೇಸಿಗೆಯಲ್ಲಿ ಬುಡಕ್ಕೆ ದರಕು (ಒಣ ಎಲೆ) ಹೊದಿಸಿ. ಮಳೆ ಹಿಡಿಯುವ ಮೊದಲು ಅದನ್ನು ಸರಿಸಿಬಿಡಿ.

ರೋಗ, ಕೀಟ
ಆಷಾಢದಲ್ಲಿ ಗಿಡ ಇದ್ದಕ್ಕಿದ್ದಂತೆ ಬಾಡಿದರೆ ಬುಡದ ಮಣ್ಣು ಕೆದಕಿ ನೋಡಿ. ಬಿಳಿ ನೂಲಿನಂಥ ಬೂಷ್ಟು, ಸಾಸಿವೆ ಗಾತ್ರದ ಕಂದು ಕಾಳು ಕಂಡರೆ ಅದು ಬುಡಕೊಳೆ. ಆ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಸುತ್ತಲಿನ ಗಿಡಗಳ ಬುಡಕ್ಕೆ ಶೇ. 1ರ ಬೋರ್ಡೋ ದ್ರಾವಣ ಸುರಿಯಿರಿ. ಟ್ರೈಕೋಡರ್ಮಾ ಬೆರೆಸಿದ ಗೊಬ್ಬರವನ್ನು ಮಳೆಗೆ ಮೊದಲೇ ಕೊಡಬೇಕು. ಬೋರ್ಡೋ ಜೊತೆ ಕೊಟ್ಟರೆ ವ್ಯರ್ಥ.

ಮೊಗ್ಗಿನಲ್ಲಿ ತೂತು, ಪಕ್ಕದ ಮೊಗ್ಗುಗಳಿಗೆ ಬಲೆ ಹೆಣೆದಿದ್ದರೆ ಮೊಗ್ಗುಹುಳ. ಮೊಗ್ಗಿನ ಬುಡ ಉಬ್ಬಿ ನೇರಳೆ ಬಣ್ಣಕ್ಕೆ ತಿರುಗಿದರೆ ಮೊಗ್ಗುನೊಣ. ಕೆಟ್ಟ ಮೊಗ್ಗನ್ನು ನೆಲಕ್ಕೆಸೆಯದೆ ಆರಿಸಿ ನಾಶಮಾಡಿ, ಬೇವಿನೆಣ್ಣೆ ಸಿಂಪಡಿಸಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ: ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಿಂಪಡಿಸಿದರೆ ಸಾಕು.

ಎಷ್ಟು ಗಿಡ?
ಪೂರ್ತಿ ಬಲಿತ, ಅರಳದ ಮೊಗ್ಗನ್ನು ಬೆಳಕು ಹರಿಯುವ ಹೊತ್ತಿಗೇ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಕೂಲಿ ಕೊಟ್ಟು ಕೊಯ್ಸಿದರೆ ಲಾಭ ಕರಗುತ್ತದೆ. ಹಾಗಾಗಿ ಜಾಗ ಎಷ್ಟಿದೆ ಎನ್ನುವುದಕ್ಕಿಂತ, ಬೆಳಿಗ್ಗೆ ಕೊಯ್ಯಲು ಮನೆಯಲ್ಲಿ ಎಷ್ಟು ಕೈ ಇವೆ ಎಂದು ಎಣಿಸಿ ಗಿಡ ನೆಡಿ.