ಗಾಳಿ ನೋಡಿ ಬೋರ್ಡು ಹಿಡಿಯಿರಿ

ಉತ್ತರ ಇಟಲಿಯ ಗಾರ್ದಾ ಸರೋವರದಲ್ಲಿ ದಿನಕ್ಕೆ ಎರಡು ಗಾಳಿ. ನಸುಕಿನಿಂದ ಹತ್ತು-ಹನ್ನೊಂದು ಗಂಟೆಯವರೆಗೆ ಉತ್ತರದ ಬೆಟ್ಟಗಳಿಂದ ಇಳಿದು ಬರುವ ‘ಪೆಲೇರ್’. ಊಟದ ಹೊತ್ತು ದಾಟಿತೆಂದರೆ ದಕ್ಷಿಣದಿಂದ ಏಳುವ ‘ಓರಾ’. ಬೇಸಿಗೆಯಲ್ಲಿ ಆಕಾಶ ಶುಭ್ರವಾಗಿದ್ದರೆ ಎರಡೂ ಬಹುಮಟ್ಟಿಗೆ ಹೊತ್ತು ತಪ್ಪಿಸುವುದಿಲ್ಲ. ಇದೇ ಕಾರಣಕ್ಕೆ, ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ನೀರಲ್ಲಿ ಓಡುವ ವಿಂಡ್‌ಸರ್ಫಿಂಗ್ ಹುಚ್ಚಿನವರು ಸರೋವರದ ಉತ್ತರ ತುದಿಯ ತೋರ್ಬೋಲೆ ಎಂಬ ಊರಿಗೆ ಮುಗಿಬೀಳುತ್ತಾರೆ. ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೂ ಇದು ಕಾರಿನಲ್ಲಿ ವಾರಾಂತ್ಯಕ್ಕೆ ಹೋಗಿಬರುವಷ್ಟು ಹತ್ತಿರ. ಅಲ್ಲಿ ಬಾಡಿಗೆಯ ಬೋರ್ಡುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹೊಸಬರು ಮೊದಲು ಕೈಹಾಕುವುದು ಚಿಕ್ಕದಾಗಿ, ಚೂಪಾಗಿ, ಬಣ್ಣಬಣ್ಣವಾಗಿ ಕಾಣುವುದಕ್ಕೆ. ದಿನ ಕೆಡುವುದು ಅಲ್ಲಿಂದಲೇ.

1. ಉದ್ದ ಬಿಡಿ, ಲೀಟರು ಕೇಳಿ

ಹಿಂದೆ ಬೋರ್ಡನ್ನು ಉದ್ದದಿಂದಲೇ ಗುರುತಿಸುತ್ತಿದ್ದರು. ಈಗ ಆ ಲೆಕ್ಕಕ್ಕೆ ಬೆಲೆಯಿಲ್ಲ. ಒಲಿಂಪಿಕ್ಸನ್ನೇ ನೋಡಿ: 1996ರಿಂದ 2004ರವರೆಗೆ ಬಳಕೆಯಲ್ಲಿದ್ದ ಮಿಸ್ಟ್ರಲ್ ಬೋರ್ಡಿನ ಉದ್ದ 372 ಸೆಂಟಿಮೀಟರ್. 2008ರಲ್ಲಿ ಬಂದ ಆರ್‌ಎಸ್‌:ಎಕ್ಸ್ 286. 2024ರ ಐಕ್ಯೂಫಾಯಿಲ್ ಬರೀ 220. ಉದ್ದ ಇಳಿಯುತ್ತ ಹೋಯಿತು, ಅಗಲ ಸುಮಾರು 63ರಿಂದ 95ಕ್ಕೆ ಏರಿತು. ಬೋರ್ಡು ಎಷ್ಟು ಭಾರ ಹೊರುತ್ತದೆ ಎಂದು ಹೇಳುವುದು ಅದರ ಗಾತ್ರ, ಅಂದರೆ ಲೀಟರು. ಸಾಮಾನ್ಯವಾಗಿ ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ, ಹುಡುಕಿ ಓದಿ.

2. ತೂಕದ ವಿಷಯದಲ್ಲಿ ಸುಳ್ಳು ಹೇಳಬೇಡಿ

ಬಾಡಿಗೆ ಕೊಡುವವರು ಮೊದಲು ಕೇಳುವ ಪ್ರಶ್ನೆ ‘ತೂಕ ಎಷ್ಟು?’ ಎಂಬುದು. ಐದಾರು ಕಿಲೋ ಕಡಿಮೆ ಹೇಳುವವರೇ ಹೆಚ್ಚು. ಕಾಲೇಜು ದಿನಗಳ ತೂಕ ಹೇಳಿದರೆ ನೀರು ನಂಬುವುದಿಲ್ಲ.

ಲೆಕ್ಕ ಸರಳ. ಸಿಹಿನೀರಿನಲ್ಲಿ 1 ಲೀಟರು ಗಾತ್ರ ಸುಮಾರು 1 ಕಿಲೋ ಹೊರುತ್ತದೆ. ನಿಮ್ಮ ತೂಕ 75 ಕಿಲೋ ಎಂದಿಟ್ಟುಕೊಳ್ಳಿ. ನೆನೆದ ವೆಟ್‌ಸೂಟು, ಸೊಂಟಕ್ಕೆ ಕಟ್ಟುವ ಹಾರ್ನೆಸ್ ಸೇರಿ 3-4 ಕಿಲೋ. ಹಾಯಿ, ಅದರ ಕಂಬ (ಮಾಸ್ಟ್), ಕೈಹಿಡಿಕೆ (ಬೂಮ್) ಸೇರಿ 10 ಕಿಲೋ. ಬೋರ್ಡಿನದ್ದೇ ಒಂದು 8 ಕಿಲೋ. ಹತ್ತಿರಹತ್ತಿರ 97 ಆಯಿತು. 97 ಲೀಟರಿನ ಬೋರ್ಡಿನ ಮೇಲೆ ನಿಂತರೆ ಅದು ಪೂರ್ತಿ ನೀರೊಳಗೆ ಹೋಗಿ, ನಿಮ್ಮ ಕಾಲಕೆಳಗೆ ತೊನೆದಾಡುತ್ತದೆ. ನೀರಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎತ್ತುವ ಮಾತಂತೂ ದೂರ. ಬರಿದೇ ತೇಲಿದರೆ ಸಾಲದು, ಅದರ ಮೇಲೆ ನಿಂತು ಕೆಲಸ ಮಾಡುವುದಕ್ಕೆ ಮಿಕ್ಕ ಲೀಟರು ಬೇಕು.

ಎಷ್ಟು ಮಿಗಬೇಕು? ಮೊದಲ ಪಾಠದವರಿಗೆ ಮೈತೂಕದ ಮೇಲೆ 100. ಅಂದರೆ 75 ಕಿಲೋದವರಿಗೆ 175 ಲೀಟರು, ಇನ್ನಷ್ಟು ದೊಡ್ಡದಾದರೂ ನಷ್ಟವಿಲ್ಲ. ಹಾರ್ನೆಸ್ ಕೊಕ್ಕೆ ಹಾಕಿಕೊಂಡು, ಪಟ್ಟಿಯೊಳಗೆ ಕಾಲಿಟ್ಟು, ನೀರ ಮೇಲೆ ಜಾರಿ ಓಡುವ ‘ಪ್ಲೇನಿಂಗ್’ ಹದಕ್ಕೆ ಬಂದವರಿಗೆ 45-60 ಸಾಕು. ನೀರಲ್ಲಿದ್ದುಕೊಂಡೇ ಗಾಳಿಯ ಬಲದಿಂದ ಮೇಲೇಳುವ ವಾಟರ್‌ಸ್ಟಾರ್ಟ್ ಕೈವಶವಾದವರು ಜೋರು ಗಾಳಿಯಲ್ಲಿ 10-20ಕ್ಕೆ ಇಳಿಯಬಹುದು. ವಾಟರ್‌ಸ್ಟಾರ್ಟ್ ಬಾರದೆ ಚಿಕ್ಕ ಬೋರ್ಡು ಕೊಂಡರೆ, ಗಾಳಿ ಸತ್ತ ಕೂಡಲೇ ನೀವು ಸರೋವರದ ನಡುವೆ ಈಜುಗಾರ.

ಮೂಲ್ಕಿಯ ಕಡಲಲ್ಲಿ ಸರ್ಫಿಂಗ್ ಕಲಿತವರಿಗೆ ಒಂದು ಮಾತು. ಅಲ್ಲಿನ ಬೋರ್ಡಿನ ಅಳತೆಯನ್ನು ಇಲ್ಲಿಗೆ ತರಬೇಡಿ. ಅಲ್ಲಿ ತೆರೆ ನೂಕುತ್ತದೆ, ಮೂವತ್ತು ಲೀಟರಿನ ಹಲಗೆಯ ಮೇಲೂ ನಿಲ್ಲಬಹುದು. ಇಲ್ಲಿ ನಿಂತ ನೀರಲ್ಲೂ ಬೋರ್ಡು ನಿಮ್ಮನ್ನು ಹೊರಬೇಕು. ಉಪ್ಪುನೀರು ಸಿಹಿನೀರಿಗಿಂತ ಶೇ 2.5ರಷ್ಟು ಸಾಂದ್ರ, ಹಾಗಾಗಿ ಅದೇ ಬೋರ್ಡು ಕಡಲಲ್ಲಿ ತುಸು ಹೆಚ್ಚು ತೇಲುತ್ತದೆ. ಆ ಎರಡು-ಮೂರು ಕಿಲೋ ನಂಬಿಕೊಂಡು ಬೋರ್ಡು ಆರಿಸುವುದು ಬೇಡ.

3. ಕಲಿಯುವಾಗ ಅಗಲವೇ ಆಸರೆ

ಲೀಟರು ಸಮವಿದ್ದರೂ ಕಿರಿದಾದ ಬೋರ್ಡು ಹೊರಳುತ್ತದೆ, ಅಗಲವಾದದ್ದು ತಾಳಿಕೊಳ್ಳುತ್ತದೆ. ಹೊಸಬರಿಗೆ 80 ಸೆಂಟಿಮೀಟರಿಗಿಂತ ಅಗಲ ಇರಲಿ. ಜೊತೆಗೆ ಹೊಟ್ಟೆಯ ಕೆಳಗೆ ಇಳಿಬಿಡುವ ಡ್ಯಾಗರ್‌ಬೋರ್ಡ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಗಾಳಿಗೆ ಅಡ್ಡಡ್ಡ ಜಾರಿ, ಹೊರಟ ದಡಕ್ಕೆ ವಾಪಸು ಬರಲಾಗದೆ, ರಕ್ಷಣಾ ದೋಣಿಯ ಹಿಂದೆ ಹಗ್ಗ ಹಿಡಿದು ಬರಬೇಕಾಗುತ್ತದೆ. ತೋರ್ಬೋಲೆಯಲ್ಲಿ ಇದು ಅಪರೂಪದ ನೋಟವೇನಲ್ಲ.

4. ಗಾಳಿ ಎರಡರಷ್ಟು, ಹೊಡೆತ ನಾಲ್ಕರಷ್ಟು

ಗಾಳಿಯನ್ನು ನಾಟ್‌ಗಳಲ್ಲಿ ಅಳೆಯುತ್ತಾರೆ, 1 ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. 10 ನಾಟ್ 20 ಆದಾಗ ಹಾಯಿಯ ಮೇಲೆ ಬೀಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆದ್ದರಿಂದಲೇ ಗಾಳಿ ಏರಿದಂತೆ ಮೊದಲು ಹಾಯಿ ಚಿಕ್ಕದಾಗಬೇಕು, ಆಮೇಲೆ ಬೋರ್ಡು.

ಹಾಯಿಗೆ ಬಲ್ಲವರು ಬಳಸುವ ಒಂದು ಅಂದಾಜು ಇದೆ. ಮೈತೂಕವನ್ನು ನಾಟ್‌ನಿಂದ ಭಾಗಿಸಿ 1.34ರಿಂದ ಗುಣಿಸಿ, ಬಂದದ್ದು ಚದರ ಮೀಟರು. 75 ಕಿಲೋದವರಿಗೆ 15 ನಾಟ್‌ನಲ್ಲಿ 6.7, 20 ನಾಟ್‌ನಲ್ಲಿ 5. ಓರಾ 14-15 ನಾಟ್ ಬೀಸುವ ಮಧ್ಯಾಹ್ನ ಇಂಥವರು 6.5ರ ಹಾಯಿಗೆ 120-130 ಲೀಟರಿನ ಬೋರ್ಡು ಹಿಡಿಯಲಿ. ಬೆಳಗಿನ ಪೆಲೇರ್ 20 ದಾಟಿದ್ದರೆ 5ರ ಹಾಯಿ, 90-100 ಲೀಟರು. ಇದು ಪಳಗಿದವರ ಲೆಕ್ಕ. ಹೊಸಬರಿಗೆ ಪೆಲೇರ್ ಜೋರಿದ್ದ ಬೆಳಗ್ಗೆ ಯಾವ ಬೋರ್ಡೂ ಸರಿಯಲ್ಲ. ಹೋಗಿ ಕಾಫಿ ಕುಡಿಯಿರಿ, ಗಾಳಿ 10 ನಾಟ್ ಒಳಗಿದ್ದಾಗ ದೊಡ್ಡ ಬೋರ್ಡು, 4-5 ಮೀಟರಿನ ಹಾಯಿ ಹಿಡಿದು ಇಳಿಯಿರಿ.

5. ಬೋರ್ಡಿಗೂ ಹಾಯಿಗೂ ಜೋಡಿ ಕೂಡಬೇಕು

ಪ್ರತಿ ಬೋರ್ಡಿಗೂ ತಯಾರಕರು ಹೊಂದುವ ಹಾಯಿಯ ಮಿತಿ ಹೇಳಿರುತ್ತಾರೆ. 85 ಲೀಟರಿಗೆ 7.5ರ ಹಾಯಿ ಏರಿಸಿದರೆ ಹಿಂಬದಿ ಮುಳುಗುತ್ತದೆ. ಜೋರು ಗಾಳಿಯಲ್ಲಿ 140ಕ್ಕೆ 4.5 ಕಟ್ಟಿದರೆ ಅಷ್ಟು ದೊಡ್ಡ ಬೋರ್ಡನ್ನು ಒತ್ತಿ ಹಿಡಿಯುವವರು ಯಾರು? ಬೋರ್ಡಿನ ಹಿಂಬದಿಯ ಅಡಿಗೆ ಕೂರುವ ರೆಕ್ಕೆ, ಅಂದರೆ ಫಿನ್‌ಗೂ ಇದೇ ಲೆಕ್ಕ. ದೊಡ್ಡ ಹಾಯಿಗೆ 40 ಸೆಂಟಿಮೀಟರಿನ ಆಸುಪಾಸಿನದು, ಚಿಕ್ಕದಕ್ಕೆ 30ರ ಒಳಗಿನದು. ಬೋರ್ಡು ಒಂದು ಬದಿ ಎದ್ದೇಳುತ್ತಿದ್ದರೆ ಬೋರ್ಡನ್ನು ಬೈಯುವ ಮೊದಲು ಫಿನ್ ಬದಲಿಸಿ ನೋಡಿ.

6. ಗಾಳಿಯಷ್ಟೇ ಅಲ್ಲ, ನೀರನ್ನೂ ನೋಡಿ

ನುಣುಪು ನೀರಲ್ಲಿ ದೊಡ್ಡ ಬೋರ್ಡು ರಾಜ. ಅದೇ 20 ನಾಟ್ ಗಾಳಿಗೆ ನೀರು ಕುದಿದಂತೆ ಎದ್ದಾಗ ಅದರ ಅಗಲದ ಮೂತಿ ಪ್ರತಿ ಅಲೆಗೂ ಬಡಿದು ಮೊಣಕಾಲು ಅಲುಗಿಸುತ್ತದೆ, ಗಾಳಿ ಅಡಿಗೆ ಹೊಕ್ಕು ಎತ್ತಿ ಒಗೆಯುತ್ತದೆ. ಅಂಥಲ್ಲಿ 20 ಲೀಟರು ಇಳಿಸಿದರೆ ಹಿಡಿತ ಸಿಗುತ್ತದೆ. ಹವಾಯಿಯ ಹೋಕಿಪಾದಂಥ ದೊಡ್ಡ ತೆರೆಯ ದಡದಲ್ಲಿ ಮೈತೂಕದಷ್ಟೇ ಲೀಟರಿನ ಬೋರ್ಡು ಬಳಸುವುದೂ ಇದಕ್ಕೇ, ತೆರೆಯ ಮೇಲೆ ಚಟಕ್ಕನೆ ತಿರುಗಬೇಕಲ್ಲ. ಅದನ್ನು ವಿಡಿಯೋದಲ್ಲಿ ನೋಡಿ ಕೆರೆಗೆ ಕೊಳ್ಳುವವರಿಗೆ ದೇವರೇ ದಿಕ್ಕು.

7. ಮಕ್ಕಳಿಗೆ ಬೋರ್ಡಿಗಿಂತ ಹಾಯಿ ಮುಖ್ಯ

30 ಕಿಲೋದ ಮಗುವಿಗೆ 130 ಲೀಟರು ಧಾರಾಳ. ಹಾಯಿ ಮಾತ್ರ 2 ಚದರ ಮೀಟರ್ ಸುತ್ತಮುತ್ತಲೇ ಇರಲಿ. ಅಪ್ಪನ ಹಾಯಿಯನ್ನು ನೀರಿನಿಂದ ಎಳೆದು ಸೊಂಟ ಹಿಡಿಸಿಕೊಂಡ ಮಗು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

8. ಫಾಯಿಲ್ ಬಂದರೆ ಲೆಕ್ಕ ಬೇರೆ

ಬೋರ್ಡಿನ ಕೆಳಗೆ ರೆಕ್ಕೆಯಿರುವ ಫಾಯಿಲ್ ಕಟ್ಟಿದರೆ ಓಟ ಹಿಡಿದ ಮೇಲೆ ಬೋರ್ಡೇ ನೀರು ಬಿಟ್ಟು ಮೇಲೇಳುತ್ತದೆ. 8-10 ನಾಟ್ ಸಾಕು. ಇಲ್ಲಿ ಬೋರ್ಡು ಗಿಡ್ಡವಾಗಿ ಅಗಲವಾಗಿರಬೇಕು, ಲೀಟರು ಧಾರಾಳವಾಗಿರಬೇಕು. ಫಿನ್ ಬೋರ್ಡಿನ ಮೇಲೆ ಗಟ್ಟಿಯಾಗಿ ಪ್ಲೇನ್ ಮಾಡಲು ಬರುವವರೆಗೆ ಇದರ ಗೊಡವೆ ಬೇಡ, ಫಾಯಿಲಿನ ಅಂಚಿಗೆ ಕಾಲು ತಗುಲಿದರೆ ಹೊಲಿಗೆಯೇ ಗತಿ.

9. ಎರಡು ಬೋರ್ಡು ಇಡುವುದಾದರೆ ಅಂತರ ಇರಲಿ

115 ಮತ್ತು 125 ಎರಡನ್ನೂ ಕೊಳ್ಳುವುದು ದುಡ್ಡು ನೀರಿಗೆ ಹಾಕಿದಂತೆ. 130 ಇದ್ದರೆ ಇನ್ನೊಂದು 95 ಇರಲಿ. ಒಂದೇ ಸಾಕೆಂದರೆ ನೀವು ಹೋಗುವ ದಿನಗಳಲ್ಲಿ ಹೆಚ್ಚಾಗಿ ಬೀಸುವ ಗಾಳಿಗೆ ಹೊಂದುವುದನ್ನು ಕೊಳ್ಳಿ, ವರ್ಷಕ್ಕೊಮ್ಮೆ ಬರುವ ಬಿರುಗಾಳಿಗಲ್ಲ.

10. ಬಾಡಿಗೆಗೆ ತಂದು ಬದಲಿಸುತ್ತಿರಿ

ಬಾಡಿಗೆ ಕೊಡುವ ಎಷ್ಟೋ ಕಡೆ ದಿನದ ಹಣ ಕಟ್ಟಿದರೆ ಬೋರ್ಡು ಬದಲಿಸಲು ಬಿಡುತ್ತಾರೆ. ಸಂಕೋಚ ಬೇಡ. ಓರಾ ಏಳುವ ಮೊದಲು 140, ಏರಿದ ಮೇಲೆ 120, ಹೀಗೆ ಒಂದೇ ಮಧ್ಯಾಹ್ನ ಎರಡನ್ನೂ ಹತ್ತಿ. ಯಾವ ಗಾಳಿಗೆ ಯಾವ ಹಾಯಿ, ಎಷ್ಟು ಲೀಟರು, ಹೇಗಿತ್ತು ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕೊಳ್ಳುವ ಯೋಚನೆ ಆಮೇಲೆ. ಹಳೆಯ ಬೋರ್ಡು ಕೊಳ್ಳುವುದಾದರೆ ಮೂತಿಯಲ್ಲಿ, ಮಾಸ್ಟ್ ಕೂರುವ ಜಾಗದ ಸುತ್ತ ಬಿರುಕಿದೆಯೇ ನೋಡಿ. ಹಿಮ್ಮಡಿ ಊರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ಬಿಟ್ಟುಬಿಡಿ. ಸಾಧ್ಯವಾದರೆ ತೂಕದ ಯಂತ್ರದ ಮೇಲೆ ಇಟ್ಟೇ ನೋಡಿ: ತಯಾರಕರು ಹೇಳಿದ್ದಕ್ಕಿಂತ ಎರಡು ಕಿಲೋ ಜಾಸ್ತಿ ತೂಗಿದರೆ ಅದು ಒಳಗೆ ನೀರು ಕುಡಿದಿರುವ ಸಾಧ್ಯತೆಯೇ ಹೆಚ್ಚು. ಆಗ ಮೇಲೆ ಅಚ್ಚಾದ ಲೀಟರನ್ನು ನಂಬಿ ದುಡ್ಡು ಕೊಡಬೇಡಿ.