ಗಡುಸಾಗುವ ಶ್ವಾಸಕೋಶ: ರಕ್ತ ಏನನ್ನು ಹೇಳಬಲ್ಲದು?

ತಿಂಗಳುಗಟ್ಟಲೆ ಬಿಡದ ಒಣ ಕೆಮ್ಮು, ನಾಲ್ಕು ಮೆಟ್ಟಿಲು ಏರಿದರೆ ದಮ್ಮು. ಇವನ್ನು ನಾವು ಸಾಮಾನ್ಯವಾಗಿ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಕೆಲವರಲ್ಲಿ ಕಾರಣ ಬೇರೆಯೇ ಇರುತ್ತದೆ. ಗಾಯ ಮಾಯ್ದ ಮೇಲೆ ಚರ್ಮದಲ್ಲಿ ಕಲೆ ಗಟ್ಟಿಯಾಗಿ ಉಳಿಯುವಂತೆ, ಶ್ವಾಸಕೋಶದ ಗಾಳಿಗೂಡುಗಳ ಸುತ್ತಲಿನ ಮೃದುಭಾಗವು ನಾರುಗಟ್ಟಿ ಬಿಗಿಯುತ್ತದೆ. ಇದೇ ಪಲ್ಮನರಿ ಫೈಬ್ರೋಸಿಸ್. ನಾರುಗಟ್ಟಿದ ಭಾಗವನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬವು ಅದರ ವೇಗವನ್ನು ತಗ್ಗಿಸುತ್ತವೆ, ಅಷ್ಟೆ. ಆದ್ದರಿಂದಲೇ ಬೇಗ ತಿಳಿಯುವುದು ಮುಖ್ಯ.

ಈ ರೋಗ ಒಬ್ಬರಲ್ಲಿ ವರ್ಷಗಟ್ಟಲೆ ತಟಸ್ಥವಾಗಿದ್ದರೆ ಮತ್ತೊಬ್ಬರಲ್ಲಿ ಕೆಲವೇ ತಿಂಗಳುಗಳಲ್ಲಿ ಉಲ್ಬಣಿಸುತ್ತದೆ. ಯಾರಲ್ಲಿ ಹೇಗೆಂಬುದನ್ನು ಮುಂಚೆಯೇ ಅರಿಯಲು ವಿಜ್ಞಾನಿಗಳು ರಕ್ತವನ್ನು ಪರೀಕ್ಷಿಸುತ್ತಿದ್ದಾರೆ. ಗಾಳಿಗೂಡಿನ ಒಳಪದರ ಘಾಸಿಗೊಂಡಾಗ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಜಪಾನಿನ ವೈದ್ಯರು ಬಹುಕಾಲದಿಂದ ಅಳೆಯುತ್ತಿರುವ ಕೆ.ಎಲ್-6 ಅಂಥದ್ದು. ಸಿ.ಎ-125 ಎಂಬ ಇನ್ನೊಂದು ಅಂಶ ಮೂರು ತಿಂಗಳೊಳಗೆ ಏರುತ್ತ ಹೋದವರಿಗೆ ಅಪಾಯ ಹೆಚ್ಚೆಂದು 2017ರ ಬ್ರಿಟನ್ ಅಧ್ಯಯನ ತೋರಿಸಿತು. 2019ರಲ್ಲಿ ಪ್ರಕಟವಾದ ಸಂಶೋಧನೆಯಂತೂ ಸಾಮಾನ್ಯ ರಕ್ತಕಣ ಎಣಿಕೆಯನ್ನೇ ನೆಚ್ಚಿತು: ಮೊನೊಸೈಟ್ ಎಂಬ ಬಿಳಿಕಣಗಳು ಮೈಕ್ರೋಲೀಟರಿಗೆ 950 ಅಥವಾ ಅದಕ್ಕಿಂತ ಹೆಚ್ಚಿದ್ದ ರೋಗಿಗಳಲ್ಲಿ ಸಾವಿನ ಪ್ರಮಾಣ ಅಧಿಕವಾಗಿತ್ತು. ಇದು ದುಬಾರಿ ಪರೀಕ್ಷೆಯಲ್ಲ ಎಂಬುದು ನಮ್ಮಂಥ ಹಳ್ಳಿಗರಿಗೆ ಸಮಾಧಾನದ ಸಂಗತಿ. ಆದರೆ ಸೋಂಕು ತಗುಲಿದಾಗಲೂ ಈ ಕಣಗಳು ಏರುತ್ತವೆ. ಚೀಟಿಯ ಒಂದು ಅಂಕಿ ನೋಡಿ ಎದೆಗುಂದಲಾಗದು. ರೋಗ ಯಾವುದೆಂದು ನಿರ್ಣಯಿಸಲು ಕೆ.ಎಲ್-6ರಂಥ ಪರೀಕ್ಷೆಗಳನ್ನು ಬಳಸಬಾರದೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ಎದೆಯ ಎಚ್.ಆರ್.ಸಿ.ಟಿ. ಸ್ಕ್ಯಾನ್, ಊದಿ ಅಳೆಯುವ ಉಸಿರಿನ ಪರೀಕ್ಷೆ, ಆರು ನಿಮಿಷದ ನಡಿಗೆ: ಇವುಗಳ ಜೊತೆಗೂಡಿದಾಗಲೇ ರಕ್ತದ ಮಾತಿಗೆ ತೂಕ.

ರಕ್ತಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ 2012ರಿಂದ 2015ರವರೆಗೆ ಇಂಥ 1084 ರೋಗಿಗಳನ್ನು ನೋಂದಾಯಿಸಿದಾಗ, 47.3 ಪ್ರತಿಶತ ಜನರಲ್ಲಿ ಕಂಡದ್ದು ಉಸಿರಿನೊಡನೆ ಒಳಸೇರುವ ಬೂಷ್ಟು, ಹಕ್ಕಿಯ ಹಿಕ್ಕೆ ಮುಂತಾದವಕ್ಕೆ ಶ್ವಾಸಕೋಶ ಕೆರಳುವ ರೋಗ. ಏರ್ ಕೂಲರಿನ ಸಂಪರ್ಕವೂ ಅವರಲ್ಲಿ ಹೆಚ್ಚಾಗಿ ಕಂಡುಬಂದಿತು. ಹಂಸಭಾವಿಯ ಸುತ್ತ ಗೋವಿನಜೋಳ ಬೆಳೆಯುವ ನಮ್ಮ ಊರುಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೇವು, ಗಾಳಿಯಾಡದ ಕೋಣೆಯ ಕಾಳಿನ ಚೀಲ, ಮಾಡಿನ ಪಾರಿವಾಳ ಯಾರಿಗೂ ಅಪರಿಚಿತವಲ್ಲ. ಮೇವು ಬಿಚ್ಚಿದ ದಿನ ಕೆಮ್ಮು, ಜ್ವರ ಬರುವುದಾದರೆ ಅದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿದ ಬಳಿಕ ಈ ರೋಗ ಪತ್ತೆಯಾಗುವುದೂ ಉಂಟು. ಕಫದಲ್ಲಿ ಕ್ಷಯದ ರೋಗಾಣು ಕಾಣದೆ ದಮ್ಮು ಹೆಚ್ಚುತ್ತಿದ್ದರೆ ಹುಬ್ಬಳ್ಳಿ ಅಥವಾ ದಾವಣಗೆರೆಯ ಶ್ವಾಸಕೋಶ ತಜ್ಞರನ್ನು ಕಾಣುವುದು ಒಳಿತು. ಹೋಗುವಾಗ ಹಳೆಯ ಎಕ್ಸ್‌ರೇ, ಸ್ಕ್ಯಾನ್, ರಕ್ತದ ಚೀಟಿಗಳನ್ನೆಲ್ಲ ಕಟ್ಟಿಕೊಂಡು ಒಯ್ಯಬೇಕು. ಕಲೆ ಎಷ್ಟು ಬೇಗ ಹರಡುತ್ತಿದೆ ಎಂಬುದು ಹೋಲಿಸಿದರೇ ತಿಳಿಯುತ್ತದೆ.