ಹುಡುಗರ ಮೊಬೈಲಿನಲ್ಲಿ ನಾಲ್ಕು ತಾಲೂಕು: ಹೊಸ ಮೇಷ್ಟ್ರಿಗೊಂದು ಪರಿಚಯ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕರಲ್ಲಿ ಯಾವುದೋ ಒಂದು ಊರಿನ ಕಾಲೇಜಿಗೆ ಹೊಸದಾಗಿ ಪಾಠ ಮಾಡಲು ಬರುತ್ತಿರುವವರಿಗೆ ಈ ಬರಹ. ವರ್ಗವಾಗಿ ಬಂದವರಿರಬಹುದು, ಅತಿಥಿ ಉಪನ್ಯಾಸಕರಿರಬಹುದು. ಬಂದ ವಾರದೊಳಗೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ಈಗಿನ ಹುಡುಗ್ರು ಮೊಬೈಲ್ ಹಿಡಿದ್ರೆ ಮುಗೀತು ಸಾರ್, ಪ್ರಪಂಚಾನೇ ಬೇಡ." ಹಿರಿಯರ ಮಾತಿಗೆ ತಲೆಯಾಡಿಸಿ, ತಪ್ಪಿಲ್ಲ. ಆದರೆ ಪೂರ್ತಿ ನಂಬಬೇಡಿ. ಆ ಮೊಬೈಲಿನಲ್ಲಿ ರೀಲ್ಸ್ ಇದೆ, ಸಿನಿಮಾ ಹೀರೋಗಳ ಜಗಳವಿದೆ, ಆರ್‌ಸಿಬಿ ಇದೆ, ನಿಜ. ಅದರ ಕೆಳಗೆ ಇರುವುದು ನೀರು, ನೌಕರಿ, ಮದುವೆ ಮತ್ತು ಸಾಲ. ಅಪ್ಪ ಅರಳಿಕಟ್ಟೆಯ ಮೇಲೆ ಆಡುವ ಮಾತನ್ನೇ ಮಗ ಬೆರಳಿನಲ್ಲಿ ಆಡುತ್ತಿದ್ದಾನೆ.

ಮೊದಲು ನೀರನ್ನು ತಿಳಿದುಕೊಳ್ಳಿ, ಉಳಿದದ್ದು ತಾನಾಗಿ ತಿಳಿಯುತ್ತದೆ. ಈ ನಾಲ್ಕೂ ಈಗ ಒಂದೇ ದಾವಣಗೆರೆ ಜಿಲ್ಲೆ. ಆದರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿಯಂತೂ ಮೊನ್ನೆ ಮೊನ್ನೆಯವರೆಗೆ ಹೊನ್ನಾಳಿಯ ಒಂದು ಹೋಬಳಿ. ಹಾಗಾಗಿ ಒಂದೇ ಜಿಲ್ಲೆಯ ಹುಡುಗರೆಂದು ಒಂದೇ ತಕ್ಕಡಿಯಲ್ಲಿ ತೂಗಲು ಹೋಗಬೇಡಿ. ನೀರಿರುವ ಅಡಿಕೆ ತೋಟದ ಹುಡುಗನ ಗೊಡವೆಯೇ ಬೇರೆ, ಮಳೆ ನಂಬಿದ ಮೆಕ್ಕೆಜೋಳದ ಹುಡುಗನದೇ ಬೇರೆ.

ಚನ್ನಗಿರಿಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಯಾವ ಹುಡುಗನ ವಾಟ್ಸಾಪ್ ಸ್ಟೇಟಸ್ ತೆರೆದರೂ ಒಂದು ಪಟ್ಟಿ ಕಾಣಬಹುದು. ರಾಶಿ, ಬೆಟ್ಟೆ, ಗೊರಬಲು. ಎದುರಿಗೆ ಕನಿಷ್ಠ, ಗರಿಷ್ಠ, ಸರಾಸರಿ. ಅದು ಅಡಿಕೆಯ ಅಂದಿನ ರೇಟು. ಊರಿನ ಅಡಿಕೆ ಮಾರಾಟ ಸಹಕಾರ ಸಂಘವಾದ ತುಮ್ಕೋಸ್‌ನಲ್ಲಿ ಟೆಂಡರ್ ಮುಗಿಯುವುದೇ ತಡ, ಪಟ್ಟಿ ಹಳ್ಳಿ ಹಳ್ಳಿಗೆ ಹಾರುತ್ತದೆ. 2025ರಲ್ಲಿ ರಾಶಿ ಕ್ವಿಂಟಲ್‌ಗೆ 60,000 ರೂಪಾಯಿ ದಾಟಿದಾಗ ಬಿ.ಕಾಂ. ತರಗತಿಯ ಹಿಂದಿನ ಬೆಂಚಿನಲ್ಲಿ ನಡೆದ ಲೆಕ್ಕಾಚಾರವನ್ನು ಲೆಕ್ಕಶಾಸ್ತ್ರದ ಮೇಷ್ಟ್ರು ಕೇಳಬೇಕಿತ್ತು. ಖೇಣಿಗೆ ಕೊಡೋದಾ, ನಾವೇ ಕೊಯ್ಲು ಮಾಡಿ ಸುಲಿಸಿ ಬೇಯಿಸೋದಾ? ಈಗ ಬಿಡೋದಾ, ದೀಪಾವಳಿವರೆಗೆ ಇಡೋದಾ? ಸುಲಿಯುವವರಿಗೆ ಎಷ್ಟು, ಮಷೀನ್ ಬಾಡಿಗೆ ಎಷ್ಟು? ಲಾಭ-ನಷ್ಟ, ದಾಸ್ತಾನು, ಬಡ್ಡಿ ಎಲ್ಲವೂ ಅದರಲ್ಲಿವೆ, ಪುಸ್ತಕದ ಹೆಸರುಗಳು ಮಾತ್ರ ಇಲ್ಲ.

ಈ ಪಟ್ಟಿಯ ಹಿಂದೆಯೇ ವದಂತಿ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಬಿಟ್ಟಿತು. ಸುದ್ದಿ ಮೊಬೈಲಿಗೆ ಬರುವ ಹೊತ್ತಿಗೆ ಆ ಅಂಕಿ ಬೆಳೆದಿರುತ್ತದೆ, 'ಮುಗೀತು ಅಡಿಕೆ ಕಥೆ' ಎಂಬ ಸಾಲು ಸೇರಿರುತ್ತದೆ. ಮುಂದಿನ ವರ್ಷ, 2023ರ ಫೆಬ್ರುವರಿಯಲ್ಲಿ, ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ ಸುದ್ದಿ ಅಷ್ಟು ದೂರ ಓಡಲಿಲ್ಲ. ಹೆದರಿಕೆಯ ಸುದ್ದಿಗೆ ಕಾಲು ಉದ್ದ. ಅಡಿಕೆಯಿಂದ ಕ್ಯಾನ್ಸರ್ ಎಂಬ ಮಾತು ಬಂದರೆ ಹುಡುಗರು ಸಿಡಿದು ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿದೆ. ಆದರೂ ತರಗತಿಯಲ್ಲಿ ಮೊದಲ ದಿನವೇ ಈ ವಿಷಯ ಎತ್ತಬೇಡಿ. ಮನೆಯ ಅನ್ನದ ಮಾತು ಅದು, ಪರಿಚಯ ಬೆಳೆದ ಮೇಲೆ ಮಾತಾಡಬಹುದು.

ಮಳೆಗಾಲದಲ್ಲಿ ಇನ್ನೊಂದು ಅಂಕಿ ಓಡಾಡುತ್ತದೆ: ಭದ್ರಾ ಡ್ಯಾಂ ಲೆವೆಲ್. ತುಂಬಿದರೆ 186 ಅಡಿ. 'ಇವತ್ತು ಎಷ್ಟ್ಲೇ ದೋಸ್ತ?' ಎಂದು ಯಾರಾದರೂ ಬೆಳಿಗ್ಗೆ ಕೇಳಿದರೆ ಅದು ಕ್ರಿಕೆಟ್ ಸ್ಕೋರಲ್ಲ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಬೇರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆ ಭಾಗದ ರೈತರು ಬೀದಿಗಿಳಿದರಲ್ಲ, ಆ ದಿನಗಳಲ್ಲಿ ನಾಲೆಯ ಫೋಟೋ ಹಾಕದ ಹುಡುಗನೇ ಇರಲಿಲ್ಲವೇನೋ. ಹೊನ್ನಾಳಿಯವರಿಗೆ ಇದರ ಜೊತೆಗೆ ತುಂಗಭದ್ರೆಯ ಗೊಡವೆಯೂ ಉಂಟು. ನದಿ ಏರಿದ ದಿನ ಸೇತುವೆಯ ಮೇಲೆ ನಿಂತು ವಿಡಿಯೋ ಮಾಡುವವರ ಸಾಲೇ ಇರುತ್ತದೆ. ದಡದ ಬೀದಿಯ ಹುಡುಗ ಮಾತ್ರ ವಿಡಿಯೋ ಹಾಕದೆ ಮನೆಯ ಅಕ್ಕಿ ಮೂಟೆ ಹೊರುತ್ತಿರುತ್ತಾನೆ. ಅವನು ಕ್ಲಾಸಿಗೆ ಬಾರದಿದ್ದರೆ ಹಾಜರಿ ವಿಷಯದಲ್ಲಿ ಸ್ವಲ್ಪ ಕೈ ಸಡಿಲ ಬಿಡಿ.

ಜಗಳೂರಿನಲ್ಲಿ ಈ ಅಂಕಿಗಳಿಗೆ ಬೆಲೆಯಿಲ್ಲ. ಅಲ್ಲಿಯದು ಮಳೆ ನಂಬಿದ ಬದುಕು. ಮೆಕ್ಕೆಜೋಳ, ಈರುಳ್ಳಿ, ಶೇಂಗಾ. ಪಕ್ಕದಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯವಿದೆ, ಆದರೆ ಹುಡುಗರು ಅದರ ಮಾತಾಡಿದ್ದು ಅಪರೂಪ. ಅವರ ಮಾತೆಲ್ಲ ಕೆರೆಯದು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯ ನೀರು ಒಂದೊಂದಾಗಿ ಊರ ಕೆರೆಗಳಿಗೆ ಬಂದಾಗ ಬೆಂಗಳೂರಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಅಣ್ಣನಿಗೆ ತಮ್ಮ ವಿಡಿಯೋ ಕಾಲ್ ಮಾಡಿ ತೋರಿಸುತ್ತಾನೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಹೆಸರೆತ್ತಿದರೆ ಮಾತ್ರ ನಗೆ ಏಳುತ್ತದೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆಮೇಲೆ ಆ ದುಡ್ಡಿನ ವಿಷಯಕ್ಕೆ ರಾಜ್ಯಕ್ಕೂ ಕೇಂದ್ರಕ್ಕೂ ಜಗಳ ಹತ್ತಿತು. 'ಸಾಲ ಯಾವಾಗ ವಾಪಸ್ ಕೊಡ್ತೀಯ?' ಎಂದರೆ 'ಮೇಲ್ದಂಡೆ ದುಡ್ಡು ಬಂದ ದಿನ' ಎನ್ನುವಷ್ಟು ಆ ಮಾತು ಸವೆದುಹೋಗಿದೆ.

ಇನ್ನು ನೌಕರಿ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ವಿದ್ಯಾರ್ಥಿಗಳ ಅರ್ಧ ಆಯುಷ್ಯ ಇಲ್ಲೇ ಕಳೆಯುತ್ತದೆ. ಪದವಿಯ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಅವರು ಟೆಲಿಗ್ರಾಂನಲ್ಲಿ ಹಲವು ಗುಂಪುಗಳಿಗೆ ಸೇರಿರುತ್ತಾರೆ. ಕೆಪಿಎಸ್‌ಸಿ, ಕೆಇಎ, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಅಲ್ಲಿ ಸಾವಿರಾರು ಜನ, ಯಾರಿಗೂ ಯಾರ ಮುಖವೂ ಗೊತ್ತಿಲ್ಲ, ಎಲ್ಲರೂ 'ಸರ್'. 'ನೋಟಿಫಿಕೇಶನ್ ಯಾವಾಗ ಸರ್?' 'ಈ ತಿಂಗಳು ಪಕ್ಕಾ ಸರ್.' ಈ ಎರಡು ಸಾಲು ವರ್ಷಗಟ್ಟಲೆ ಹಾಗೆಯೇ ಉರುಳುತ್ತಿರುತ್ತವೆ. ಕೀ ಉತ್ತರ ಬಿಟ್ಟ ರಾತ್ರಿ ನೋಡಬೇಕು. ಒಬ್ಬ ತನ್ನ ಓಎಂಆರ್ ಕಾರ್ಬನ್ ಪ್ರತಿಯ ಫೋಟೋ ಹಾಕುತ್ತಾನೆ. 'ಎಷ್ಟು ಬರ್ತಿದೆ ಸರ್?' '118 ಸರ್, 2ಎ, ಗ್ರಾಮೀಣ, ಕನ್ನಡ ಮಾಧ್ಯಮ.' 'ಸೇಫ್ ಅನ್ಸುತ್ತೆ ಸರ್.' 'ಡೌಟ್ ಸರ್, ಕಟ್ ಆಫ್ ಜಾಸ್ತಿ ಹೋಗುತ್ತೆ.' ಅಷ್ಟರಲ್ಲಿ ಇನ್ನೊಬ್ಬ 37ನೇ ಪ್ರಶ್ನೆಗೆ ಎರಡು ಉತ್ತರ ಸರಿ, ಆಕ್ಷೇಪಣೆ ಹಾಕೋಣ ಎನ್ನುತ್ತಾನೆ. ಬೆಳಗಿನ ಜಾವದವರೆಗೆ ಇದೇ. ಬೆಳಿಗ್ಗೆ ನಿಮ್ಮ ಮೊದಲ ಗಂಟೆಯಲ್ಲಿ ತೂಕಡಿಸುವವನು ಇವನೇ.

ಇವರ ಅನುಮಾನಕ್ಕೆ ಕಾರಣಗಳಿವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಎಎಸ್‌ನ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಆಯಿತು, ಕನ್ನಡ ಪ್ರಶ್ನೆಗಳ ಅನುವಾದ ಎಡವಟ್ಟಾಗಿದ್ದಕ್ಕೆ ಡಿಸೆಂಬರ್ 29ರಂದು ಮತ್ತೆ ಬರೆಸಿದರು. ಇಂಗ್ಲಿಷ್ ನೋಡಿಕೊಂಡು ಕನ್ನಡ ಅರ್ಥ ಮಾಡಿಕೊಳ್ಳುವ ಗತಿ ಕನ್ನಡ ಮಾಧ್ಯಮದ ಹಳ್ಳಿ ಹುಡುಗಿಗೆ ಬಂತು. ಅದಾಗಲೇ ಅಕ್ಟೋಬರ್‌ನಲ್ಲಿ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಬೇಡ ಎಂದು ಸರ್ಕಾರ ನಿಲ್ಲಿಸಿತ್ತು. ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಇಷ್ಟರಲ್ಲಿ ಹುಡುಗನ ವಯಸ್ಸು ಮಾತ್ರ ನಿಲ್ಲಲಿಲ್ಲ. ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಲಕ್ಷಗಟ್ಟಲೆ ಅರ್ಜಿ ಬಿದ್ದದ್ದು ನೆನಪಿದ್ದರೆ, 'ಪ್ರೈವೇಟ್ ಕೆಲಸ ನೋಡ್ಕೊ' ಎಂಬ ನಿಮ್ಮ ಬುದ್ಧಿಮಾತು ಎಷ್ಟು ಒಣಗಿ ಕೇಳಿಸುತ್ತದೆಂದು ಊಹಿಸಿಕೊಳ್ಳಬಹುದು.

ಇದು ನಮ್ಮ ಕಡೆಯ ರೋಗವೊಂದೇ ಅಲ್ಲ. ನೈಜೀರಿಯಾದಲ್ಲಿ ಪದವಿ ಮುಗಿಸಿದವರು 1973ರಿಂದಲೂ ಒಂದು ವರ್ಷ ಕಡ್ಡಾಯ ರಾಷ್ಟ್ರೀಯ ಸೇವೆ ಮಾಡಬೇಕು. ಅದು ಮುಗಿದ ಮಾರನೆಯ ದಿನದಿಂದ ಮೊಬೈಲಿನಲ್ಲಿ ಅವರ ಮಾತು ಕೆನಡಾ, ಬ್ರಿಟನ್ ವೀಸಾದ್ದು. ಅಲ್ಲಿಯವರಿಗೆ ಲಂಡನ್ ಹೇಗೋ ಜಗಳೂರಿನವರಿಗೆ ಪೀಣ್ಯ ಹಾಗೆ. ನಮ್ಮಲ್ಲಿ ಕೈಗೆ ಸಿಕ್ಕ ಚೂರು ಆಸರೆ ಯುವನಿಧಿ ಎಂಬ ನಿರುದ್ಯೋಗ ಭತ್ಯೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಯಾಯಿತು: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅದರಲ್ಲಿ ಧಾರವಾಡದ ಕೋಚಿಂಗ್ ರೂಮಿನ ಬಾಡಿಗೆ ಕಟ್ಟುವವರಿದ್ದಾರೆ.

ಹುಡುಗಿಯರ ಲೋಕ ಬೇರೆ. ಅವರ ಡಿಪಿಯಲ್ಲಿ ಮುಖವಿರುವುದಿಲ್ಲ. ದಾಸವಾಳ ಹೂವೋ, ದೇವರೋ, ಪುನೀತ್ ರಾಜ್‌ಕುಮಾರೋ ಇರುತ್ತಾರೆ. ಅಕೌಂಟ್ ಪ್ರೈವೇಟ್, ಲಾಸ್ಟ್ ಸೀನ್ ಮುಚ್ಚಿರುತ್ತದೆ. ನಾಚಿಕೆಯೆಂದು ತಿಳಿಯಬೇಡಿ, ಅದು ಮುಂಜಾಗ್ರತೆ. ಫೋಟೋ ಯಾರ ಕೈಗೋ ಸಿಕ್ಕರೆ ಕಾಲೇಜು ಬಿಡಿಸಿ ಮದುವೆ ಮಾಡುತ್ತಾರೆಂಬುದು ಅವರಿಗೆ ಗೊತ್ತು. ಗೆಳತಿಯರ ಗುಂಪಿನಲ್ಲಿ ಬೆಳಿಗ್ಗೆ ಬರುವ ಮೊದಲ ಮೆಸೇಜು ಬಸ್ಸಿನದು: ಬಂತಾ, ರಶ್ ಇದೆಯಾ, ನಿಲ್ಲಿಸಿದ್ನಾ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿದ ಮೇಲೆ ದಾವಣಗೆರೆಗೆ ಹೋಗಿ ಪಿಜಿ ಓದುವ ಆಸೆ ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟೋ ಜನಕ್ಕೆ ಬಂತು. ಸಂಜೆಯ ಮೆಸೇಜು ಬೇರೆ: 'ಮನೇಲಿ ಮತ್ತೆ ಗಂಡು ನೋಡ್ತಿದಾರೆ ಕಣೇ, ಏನ್ ಹೇಳ್ಲಿ?'

ಹುಡುಗರ ಕಡೆ ಇದರ ಉಲ್ಟಾ. 'ಹೆಣ್ಣು ಕೊಡಲ್ಲ' ಎಂಬುದು ತಮಾಷೆಯಾಗಿ ಶುರುವಾಗಿ ತಮಾಷೆಯಾಗಿ ಉಳಿಯದ ಮಾತು. ಮಂಡ್ಯದ ಕಡೆಯ ಮದುವೆಯಾಗದ ಯುವಕರು 2023ರ ಫೆಬ್ರುವರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಮ್ಮ ಹುಡುಗರು ನಗುತ್ತಲೇ ಆ ವಿಡಿಯೋ ಹಂಚಿದರು, ಆಮೇಲೆ ನಗು ನಿಂತಿತು. ಹೆಣ್ಣಿನ ಕಡೆಯವರಿಗೆ ಜಮೀನು ಇರಬೇಕು, ಹುಡುಗ ಜಮೀನು ಮಾಡಬಾರದು. ಚನ್ನಗಿರಿಯ ಅಡಿಕೆ ತೋಟದವನಿಗೆ ಹೇಗೋ ನಡೆಯುತ್ತದೆ. ಜಗಳೂರಿನ ಮೆಕ್ಕೆಜೋಳದವನ ಬಯೋಡಾಟಾ ಗುಂಪಿನಿಂದ ಗುಂಪಿಗೆ ಅಲೆಯುತ್ತದೆ. ಆ ಗುಂಪುಗಳೆಲ್ಲ ಜಾತಿವಾರು ಎಂಬುದನ್ನೂ ಗಮನಿಸಿ. ಮೊಬೈಲ್ ಬಂದರೆ ಜಾತಿ ಹೋಗುತ್ತದೆ ಎಂದವರು ಈ ಬಯೋಡಾಟಾಗಳನ್ನು ಓದಿಲ್ಲ.

ದೀಪಾವಳಿ ಬಂತೆಂದರೆ ಹೊನ್ನಾಳಿ, ನ್ಯಾಮತಿ ಹುಡುಗರ ಮೊಬೈಲು ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುವ ಕೊಬ್ಬರಿ ಹೋರಿಗಳದು. ಹೋರಿಗೊಂದು ಬಿರುದು, ಅದಕ್ಕೊಂದು ಅಭಿಮಾನಿ ಬಳಗ, ಅದರ ಹುಟ್ಟುಹಬ್ಬಕ್ಕೆ ಕೇಕ್. ಕೊರಳಿನ ಕೊಬ್ಬರಿ ಸರ ಹರಿಯಲು ಹೋಗಿ ಇರಿಸಿಕೊಂಡವರ ಸುದ್ದಿಯೂ ಅದೇ ಮೊಬೈಲಿನಲ್ಲಿ ಬರುತ್ತದೆ. ಈ ಉತ್ಸಾಹವನ್ನು ಹೀಯಾಳಿಸಿದ ಮೇಷ್ಟ್ರಿಗೆ ಆ ವರ್ಷ ತರಗತಿ ಒಲಿಯುವುದಿಲ್ಲ.

ಕೊನೆಯದು ದುಡ್ಡು, ಅದರಲ್ಲೂ ಬಾಯಿಬಿಟ್ಟು ಹೇಳದ ದುಡ್ಡು. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳು, ಐಪಿಎಲ್ ಬೆಟ್ಟಿಂಗ್, ರಮ್ಮಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿತು, ಚಟ ಕಾನೂನಿನಷ್ಟು ಬೇಗ ಬದಲಾಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕಿಲೋಗೂ ಹೆಚ್ಚು ಚಿನ್ನ ಕಳುವಾದಾಗ ಮೊದಲೆರಡು ದಿನ ಮೀಮ್‌ಗಳ ಸುರಿಮಳೆ. ಆಮೇಲೆ ಅಮ್ಮನ ಓಲೆ, ಅಜ್ಜಿಯ ಸರ ಅಡವಿಟ್ಟದ್ದು ಅಲ್ಲೇ ಎಂದು ಮನೆ ಮನೆಯಲ್ಲಿ ಗೊತ್ತಾಗಿ ಎಲ್ಲರೂ ತಣ್ಣಗಾದರು. ಮುಂದಿನ ವರ್ಷ ಪೊಲೀಸರು ಆ ಚಿನ್ನವನ್ನು ಮದುರೈ ಕಡೆಯ ಬಾವಿಯೊಂದರಿಂದ ಎತ್ತಿ ತಂದಾಗ ಹುಡುಗರು ಹಾಕಿದ ಸ್ಟೇಟಸ್‌ಗಳಲ್ಲಿ ತಮಾಷೆ ಕಡಿಮೆ, ನಿಟ್ಟುಸಿರು ಜಾಸ್ತಿ ಇತ್ತು.

ನೀವೇನು ಮಾಡಬೇಕು? ಅವರ ಗುಂಪಿಗೆ ಸೇರಲು ಹೋಗಬೇಡಿ, ನೀವು ಸೇರಿದ ಕ್ಷಣ ಅವರು ಬೇರೆ ಗುಂಪು ಮಾಡಿಕೊಳ್ಳುತ್ತಾರೆ. ಮೊಬೈಲ್ ಕಿತ್ತುಕೊಳ್ಳಲೂ ಬೇಡಿ. ಒಂದಲ್ಲ ಒಂದು ದಿನ ಯಾರೋ ಒಬ್ಬ ನಿಮ್ಮ ಬಳಿ ಬಂದು ಮೊಬೈಲ್ ಮುಂದೆ ಹಿಡಿದು, "ಸಾರ್, ಇದು ನಿಜಾನಾ?" ಎಂದು ಕೇಳುತ್ತಾನೆ. ನೇಮಕಾತಿಯ ನಕಲಿ ಅಧಿಸೂಚನೆ ಇರಬಹುದು, ಹುದ್ದೆ ಕೊಡಿಸುತ್ತೇನೆ ಎಂದವನ ಮೆಸೇಜಿರಬಹುದು. ಅವನ ಎದುರಿಗೇ ಕೆಪಿಎಸ್‌ಸಿ ಅಥವಾ ಕೆಇಎಯ ಅಧಿಕೃತ ತಾಣ ತೆರೆದು ಜೊತೆಗೆ ಕೂತು ಓದಿ. ದುಡ್ಡು ಕಳೆದುಕೊಂಡು ಬಂದಿದ್ದರೆ ಬೈಯುವುದನ್ನು ನಾಳೆಗಿಡಿ, ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಬೇಗ ಹೇಳಿದಷ್ಟೂ ಹಣ ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.